ಎಡಕ್ಕೆ ಸವೆದ ಹಿಮ್ಮಡಿ

ಕೆಲವರು ಮನುಷ್ಯರನ್ನು ಮುಖ ನೋಡಿ ಅಳೆಯುತ್ತಾರೆ, ಕೆಲವರು ಮಾತು ಕೇಳಿ. ನಮ್ಮ ಈ ಆಸಾಮಿ ಹಿಮ್ಮಡಿ ನೋಡಿ ಅಳೆಯುತ್ತಿದ್ದ. ಅದು ಅವನ ತಪ್ಪಲ್ಲ, ಕಸುಬು. ಬೀಗದ ಕೈ ಮಾಡುವವನ ಅಂಗಡಿಗೂ ಗಡಿಯಾರ ರಿಪೇರಿಯವನ ಅಂಗಡಿಗೂ ನಡುವೆ, ಕಾಲು ಚಾಚಿದರೆ ಎದುರು ಗೋಡೆಗೆ ತಾಗುವಂಥ ಗೂಡಿನಲ್ಲಿ ಕೂತು ಅವನು ವಯಸ್ಸೆಲ್ಲ ಬೂಟು ರಿಪೇರಿ ಮಾಡಿದ್ದ. ಗಿರಾಕಿ ಬಾಗಿಲಲ್ಲಿ ನಿಂತು ತನ್ನ ಹೆಸರು ಹೇಳುವುದರೊಳಗೆ ಇವನು ಬೂಟು ಮಗುಚಿ ಅವರ ಜಾತಕ ಓದಿ ಮುಗಿಸಿರುತ್ತಿದ್ದ. ಹಿಮ್ಮಡಿಯ ಹೊರಗಡೆ ಸವೆದಿದ್ದರೆ ಎದೆ ಮುಂದೆ ಮಾಡಿ ನಡೆಯುವ ಜನ. ಒಳಗಡೆ ಸವೆದಿದ್ದರೆ ದಿನವಿಡೀ ನಿಂತು ಕೆಲಸ ಮಾಡಿ ಮೊಣಕಾಲು ಸೋತವರು. ಬೆರಳ ಕಡೆ ಸವೆದು ಹಿಮ್ಮಡಿ ಹೊಸದಾಗಿಯೇ ಉಳಿದಿದ್ದರೆ, ಯಾರದೋ ಹಿಂದೆ ಅರ್ಧ ಓಡುತ್ತ, ಅರ್ಧ ನಡೆಯುತ್ತ ಬದುಕು ಸಾಗಿಸಿದವರು. ಇಂಥವನ್ನು ಹೇಳುವಾಗ ಅವನ ಅಂದಾಜು ಮುಕ್ಕಾಲು ಪಾಲು ಸರಿ ಇರುತ್ತಿತ್ತು. ಉಳಿದ ಕಾಲು ಪಾಲನ್ನು ಅವನು ಒಪ್ಪಿಕೊಳ್ಳುತ್ತಿರಲಿಲ್ಲ.

ಅಂಗಡಿಗೆ ಆಗಾಗ ದೂರದ ಕಾಲುಹಾದಿ ನಡೆದು ಬಂದವರ ಬೂಟುಗಳು ಬರುತ್ತಿದ್ದವು. ಬೆಟ್ಟ, ಕಣಿವೆ, ಕಾಡು ದಾಟಿ ತಿಂಗಳುಗಟ್ಟಲೆ ಸಾಗುವ ಹಾದಿಯಂತೆ ಅದು. ಆ ಬೂಟುಗಳ ಹೊಲಿಗೆಯ ಸಂದಿಯಲ್ಲಿ ಕೆಂಪು, ಕಪ್ಪು, ಬೂದಿ, ಹೀಗೆ ಬಣ್ಣಬಣ್ಣದ ಮಣ್ಣು ಸಿಕ್ಕಿಕೊಂಡಿರುತ್ತಿತ್ತು. ಅದನ್ನು ಸೂಜಿಯ ಮೊನೆಯಿಂದ ಕೆದಕಿ ತೆಗೆದು, ಅಂಗೈಯಲ್ಲಿಟ್ಟು, ಇದು ಎಲ್ಲಿಯದಿರಬಹುದು ಎಂದು ಅವನು ಯೋಚಿಸುತ್ತಾ ಕೂರುತ್ತಿದ್ದ. ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಕಸುಬು ಕಲಿತು ಅಂಗಡಿಗೆ ಕೂತ ಮಗಳೇ ಕೊನೆಗೆ ಹೇಳಿದಳು, "ಅಪ್ಪಾ, ಮಣ್ಣು ಮೂಸಿ ನೋಡಿದ್ದು ಸಾಕು. ಹೋಗಿ ಮೆಟ್ಟಿ ಬನ್ನಿ. ಅಂಗಡಿ ನಾನು ನೋಡ್ಕೋತೀನಿ."

ಹೊರಟ ದಿನ ಹೆಂಡತಿ ಬಾಗಿಲಿಗೆ ಬಂದಳು. ಆಕೆಯ ಗಂಟಲು ಆ ಓಣಿಗೇ ಹೆಸರುವಾಸಿ. ಮನೆಯಲ್ಲಿ ಸಾಸಿವೆ ಮುಗಿದಿದ್ದು ಮೂರು ಬೀದಿಗೆ ಗೊತ್ತಾಗುತ್ತಿತ್ತು. "ಮಳೇಲಿ ನೆನೀಬೇಡಿ! ಒದ್ದೆ ಕಾಲುಚೀಲ ಹಾಕ್ಕೊಂಡು ಮಲಗ್ಬೇಡಿ!" ಎಂದು ಆಕೆ ಕೂಗಿದಾಗ ಅವನು ಆಗಲೇ ಓಣಿಯ ತಿರುವಿನಲ್ಲಿದ್ದ. ತಿರುಗಿ ನೋಡದೆ ಕೈ ಎತ್ತಿ ಆಡಿಸಿದ. ಗಡಿಯಾರದವನು ನಕ್ಕ.

ಹಾದಿಗೆ ಬಿದ್ದ ಮೊದಲ ವಾರದಲ್ಲೇ ಅವನಿಗೆ ಗೊತ್ತಾದ ಸಂಗತಿಯೆಂದರೆ, ಕಾಡಿನಲ್ಲಿ ಮರಗಳಿಗಿಂತ ನಿಯಮಗಳೇ ಹೆಚ್ಚು. ಅವನ್ನು ಬರೆದು ಹಾಕಿದ ಫಲಕ ಎಲ್ಲೂ ಇಲ್ಲ. ಆದರೆ ಮೇಷ್ಟ್ರು ಇದ್ದರಲ್ಲ! ಮೇಷ್ಟ್ರು ಎಂದರೆ ಪಾಠ ಹೇಳಿದವರೇನೂ ಅಲ್ಲ. ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿ ನಿವೃತ್ತರಾದವರು. ಜೀವನವಿಡೀ ಮೇಲೆ ಕೆಳಗೆ ಹೋಗಿದ್ದಾಯಿತು, ಇನ್ನು ಉದ್ದಕ್ಕೆ ಹೋಗೋಣ ಎಂದು ಹೊರಟ ಆಸಾಮಿ. ಈ ಹಾದಿಯಲ್ಲಿ ಯಾರೂ ತಮ್ಮ ಹೆಸರು ತಾವೇ ಹೇಳಿಕೊಳ್ಳುವುದಿಲ್ಲ, ಜೊತೆಯವರು ಕೊಟ್ಟ ಹೆಸರೇ ಹೆಸರು. ಅವರ ಬೋಧನೆಯ ಚಟ ನೋಡಿ ಯಾರೋ ಮೇಷ್ಟ್ರು ಎಂದರು, ಅದೇ ನಿಂತಿತು. ನಮ್ಮವನು ಮುಂದೆ ಹೋಗುವವರ ಕಾಲನ್ನೇ ದಿಟ್ಟಿಸಿ ನಡೆಯುವುದನ್ನು ಕಂಡ ಮೇಷ್ಟ್ರು ಅವನಿಗೆ 'ಹಿಮ್ಮಡಿ' ಎಂದು ಹೆಸರಿಟ್ಟರು. ಅವನಿಗೆ ಒಳಗೊಳಗೇ ಖುಷಿಯಾಯಿತು.

"ಹತ್ತುತ್ತಾ ಇರೋರಿಗೆ ಇಳಿಯೋರು ದಾರಿ ಬಿಡ್ಬೇಕು," ಎಂದು ಮೇಷ್ಟ್ರು ಶುರು ಮಾಡುತ್ತಿದ್ದರು. "ಹತ್ತೋರ ಉಸಿರು ಒಂದ್ಸಲ ತಪ್ಪಿದ್ರೆ ಮತ್ತೆ ಕೂಡಿಸ್ಕೊಳ್ಳೋದು ಕಷ್ಟ. ಸುಸ್ತಾದೋರು ಇನ್ನೆಷ್ಟು ದೂರ ಅಂದ್ರೆ, ಇನ್ನೇನು ಬಂತು ಅಂತ ಸುಳ್ಳು ಹೇಳ್ಬಾರ್ದು. ಅದು ಪಾಪ. ತಂಗುಮನೇಲಿ ನೆನೆದು ಬಂದೋರಿಗೆ ಒಳಗಿನ ಜಾಗ, ಒಣಗಿದೋರು ಬಾಗಿಲ ಕಡೆ. ಗುಂಪಲ್ಲಿ ಹೋಗುವಾಗ ಎಲ್ಲರಿಗಿಂತ ನಿಧಾನ ಯಾರೋ ಅವರು ಮುಂದೆ."

"ನಿಧಾನದವರು ಮುಂದೆ?" ಹಿಮ್ಮಡಿಗೆ ಇದು ತೀರಾ ವಿಚಿತ್ರವಾಗಿ ಕಂಡಿತು. "ಹಾಗಾದ್ರೆ ಬೇಗ ನಡೆಯೋನ ಗತಿ?"

"ಬೇಗ ನಡೆಯೋನು ನಿಧಾನ ನಡೆದ್ರೆ ಸಾಯಲ್ಲ. ನಿಧಾನದವನು ಬೇಗ ನಡೆದ್ರೆ ಸಾಯ್ತಾನೆ. ಇಷ್ಟೇ ಲೆಕ್ಕ."

ಇದನ್ನು ಕೇಳಿ ಹಿಮ್ಮಡಿ ಬಹಳ ಹೊತ್ತು ತಲೆ ಕೆರೆದುಕೊಂಡ. ಲೆಕ್ಕ ಸರಿ ಇದೆ ಅನ್ನಿಸಿತು, ಆದರೆ ಅದು ತನಗೆ ಸಂಬಂಧಪಟ್ಟ ಲೆಕ್ಕ ಎಂದು ಅನ್ನಿಸಲಿಲ್ಲ.

ಅವನಿಗೆ ಜೀರ್ಣವಾಗದ ನಿಯಮಗಳು ಎರಡು. ಒಂದು, ಯಾಕೆ ನಡೆಯುತ್ತಿದ್ದೀರಿ ಎಂದು ಯಾರನ್ನೂ ಕೇಳಬಾರದು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಇಲ್ಲವಾದರೆ ಬಾಯಿಗೆ ಬೀಗ. ಕುತೂಹಲದಿಂದ ಹೊಟ್ಟೆ ಉಬ್ಬಿಸಿಕೊಂಡು ಓಡಾಡುವ ಮನುಷ್ಯನಿಗೆ ಇದಕ್ಕಿಂತ ಶಿಕ್ಷೆ ಉಂಟೆ? ಎರಡನೆಯದು ಕಸದ್ದು. ಹೊತ್ತು ತಂದಿದ್ದನ್ನು ಹೊತ್ತೇ ಒಯ್ಯಬೇಕು. ಚಹಾದ ಚರಟ, ಹಣ್ಣಿನ ಸಿಪ್ಪೆ, ತುಂಡು ದಾರ ಸಹ ಬಿಸಾಡುವಂತಿಲ್ಲ. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಊರು ಸಿಗುವ ತನಕ ಬೆನ್ನ ಮೇಲೆ ಸವಾರಿ ಮಾಡಿಸಬೇಕು.

"ಹೊತ್ಕೊಂಡು ಬಂದ ಹಣ್ಣು ತಿಂದು ಹಗುರ ಆಗೋಣ ಅಂದ್ರೆ ಅದರ ಸಿಪ್ಪೆ ಹೊರಬೇಕು. ಒಳ್ಳೆ ಕತೆ ಆಯ್ತು ಇದು," ಎಂದು ಅವನು ಗೊಣಗುವುದು, "ಗೊಣಗಿ, ಆದ್ರೆ ಬಿಸಾಡ್ಬೇಡಿ," ಎಂದು ಮೇಷ್ಟ್ರು ಹೇಳುವುದು, ದಿನಕ್ಕೊಮ್ಮೆಯಾದರೂ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ಮಳೆ ಸುರಿಯತೊಡಗಿತು. ಹಾದಿಯೆಲ್ಲ ಹೊಳೆಯಾಗಿ, ಚೂಪುಗಲ್ಲಿನ ಇಳಿಜಾರಿನಲ್ಲಿ ಹಿಮ್ಮಡಿಯ ಬಲಗಾಲಿನ ಬೂಟು ಬಾಯಿ ಬಿಟ್ಟಿತು. ತಂಗುಮನೆ ಮುಟ್ಟುವುದರೊಳಗೆ ಎಡಗಾಲಿನದೂ ಅಣ್ಣನ ದಾರಿ ಹಿಡಿಯಿತು. ಊರವರ ಬೂಟು ಹೊಲಿದವನ ಬೂಟೇ ಕೈ ಕೊಟ್ಟಿತು. ಅಡಿಯೂ ಮೇಲ್ತೊಗಲೂ ಬೇರೆ ಬೇರೆ ಸಂಸಾರ ಹೂಡಿದ್ದವು, ಅದನ್ನು ಹೊಲಿಯಲು ಅವನ ಬಳಿಯಿದ್ದ ಚಿಕ್ಕ ಸೂಜಿ, ದಾರದಿಂದ ಆಗುವಂತಿರಲಿಲ್ಲ.

ತಂಗುಮನೆ ಎಂದರೆ ಒಂದೇ ಕೋಣೆ. ಮರದ ಜಗಲಿಯಂಥ ಮಲಗುವ ಜಾಗ, ಒಂದು ಒಲೆ, ಗೋಡೆಗೆ ಹೊಡೆದ ಒಂದು ಅಗಲವಾದ ಹಲಗೆ. ಪ್ರತಿ ತಂಗುಮನೆಯಲ್ಲೂ ಇರುವ ಈ ಹಲಗೆಗೆ ಎಲ್ಲರ ಹಲಗೆ ಎಂದೇ ಹೆಸರು. ತನಗೆ ಹೆಚ್ಚಾದದ್ದನ್ನು ಅಲ್ಲಿಡಬೇಕು, ಬೇಕಾದದ್ದನ್ನು ತೆಗೆದುಕೊಳ್ಳಬೇಕು, ಯಾರನ್ನೂ ಕೇಳಬೇಕಿಲ್ಲ. ಆ ಹಲಗೆಯ ಮೇಲೆ ಅರ್ಧ ಮೇಣದಬತ್ತಿಗೂ ಒಂದು ಉಣ್ಣೆಯ ಟೋಪಿಗೂ ನಡುವೆ, ಜೋಡಿಯಾಗಿ, ಮೂತಿ ಗೋಡೆಗೆ ಮಾಡಿಕೊಂಡು ಎರಡು ಬೂಟುಗಳು ಕೂತಿದ್ದವು.

ಹಿಮ್ಮಡಿ ಅವನ್ನು ಎತ್ತಿಕೊಂಡ. ಹಳೆಯ ಕಾಲದ ದಪ್ಪ ತೊಗಲು, ಕೈಹೊಲಿಗೆ, ಹದವಾಗಿ ಎಣ್ಣೆ ಹಾಕಿದ್ದು. ಇನ್ನೂ ಎಷ್ಟೋ ವರ್ಷ ಬಾಳುವ ಸರಕು. ಕಾಲು ಹಾಕಿ ನೋಡಿದ, ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

"ತಗೊಳ್ಳಿ, ಹಲಗೆ ಮೇಲಿದೆ ಅಂದ್ಮೇಲೆ ನಿಮ್ದೇ," ಎಂದರು ಮೇಷ್ಟ್ರು.

ತಗೊಳ್ಳುವುದೇನೋ ಸರಿ. ಆದರೆ ಅವನು ಬೂಟು ಮಗುಚಿದ, ಅಲ್ಲಿಗೆ ತಲೆಗೆ ಹುಳ ಬಿತ್ತು. ಎಡ ಬೂಟಿನ ಹಿಮ್ಮಡಿ ಹೊರಗಡೆ ಸವೆದಿತ್ತು. ಬಲ ಬೂಟಿನದು ಒಳಗಡೆ. ಅಂದರೆ ಎರಡೂ ಎಡಕ್ಕೇ! ಲೋಕದಲ್ಲಿ ಜನ ಎರಡೂ ಕಾಲನ್ನು ಹೊರಗೆ ಸವೆಸುತ್ತಾರೆ, ಇಲ್ಲವೇ ಎರಡನ್ನೂ ಒಳಗೆ ಸವೆಸುತ್ತಾರೆ. ಎರಡನ್ನೂ ಒಂದೇ ದಿಕ್ಕಿಗೆ, ಅದೂ ಇಷ್ಟು ಆಳವಾಗಿ ಸವೆಸಿದವರನ್ನು ಅವನು ಕಂಡೇ ಇರಲಿಲ್ಲ. ಕುಂಟನೇ? ಕುಂಟನ ಬೆರಳ ಜಾಗ ಬೇರೆ ರೀತಿ ಸವೆಯುತ್ತದೆ. ಎಡಗೈಯಲ್ಲಿ ಭಾರ ಹೊರುವವನೇ? ಹೊತ್ತವನು ಭಾರ ಇಳಿಸಿದ ಮೇಲೆ ನೆಟ್ಟಗೆ ನಡೆಯುತ್ತಾನಲ್ಲ. ಯಾವಾಗಲೂ ಒಂದೇ ಕಡೆಗೆ ಇಳಿಜಾರಿರುವ ಬೀದಿಯಲ್ಲಿ ಬದುಕಿದವನೇ? ಹೋಗುವಾಗ ಎಡಕ್ಕಿದ್ದ ಇಳಿಜಾರು ಬರುವಾಗ ಬಲಕ್ಕಾಗಬೇಕು.

"ಯಾರಿರಬಹುದು ಮೇಷ್ಟ್ರೇ ಇವನು?"

"ಯಾರಾದ್ರೆ ನಿಮಗೇನ್ರೀ? ಕಾಲಿಗೆ ಆಯ್ತಲ್ಲ!"

ಆದರೆ ಹಾಗೇ ಹಾಕಿಕೊಂಡು ನಡೆಯಲು ಕಸುಬುದಾರನಿಗೆ ಮನಸ್ಸು ಬರುತ್ತದೆಯೆ? ವಾಲಿದ ಹಿಮ್ಮಡಿ ಕಣ್ಣಿಗೆ ಬಿದ್ದ ಕಸ ಇದ್ದ ಹಾಗೆ. ಮೇಲಾಗಿ, ತೆಗೆದುಕೊಂಡ ವಸ್ತುವನ್ನು ಸಿಕ್ಕಿದ್ದಕ್ಕಿಂತ ಚೆನ್ನಾಗಿ ಇಟ್ಟುಕೊಳ್ಳಬೇಕೆಂದು ಮೇಷ್ಟ್ರೇ ಒಂದು ನಿಯಮ ಹೇಳಿದ್ದರು. ಹೊರಗೆ ಮಳೆ ಬಿಡುವ ಲಕ್ಷಣವಿರಲಿಲ್ಲ. ಅವನು ಒಲೆಯ ಬದಿಗೆ ಕೂತು, ಚಾಕುವಿನ ಮೊನೆಯಿಂದ ಮೊಳೆಗಳನ್ನು ಮೀಟಿ, ಎರಡೂ ಹಿಮ್ಮಡಿಯ ಸವೆದ ರಬ್ಬರ್ ಬಿಲ್ಲೆಗಳನ್ನು ಕಿತ್ತ. ಸತ್ತುಹೋದ ತನ್ನ ಬೂಟಿನ ಹಿಮ್ಮಡಿಯಿಂದ ಗಟ್ಟಿ ರಬ್ಬರ್ ಕತ್ತರಿಸಿ, ಅದೇ ಮೊಳೆಗಳಿಂದ, ಕಲ್ಲನ್ನೇ ಸುತ್ತಿಗೆ ಮಾಡಿಕೊಂಡು ಕೂರಿಸಿದ. ನೆಲದ ಮೇಲಿಟ್ಟು ನೋಡಿದ. ಬೂಟುಗಳು ನೆಟ್ಟಗೆ ನಿಂತವು. ಅವನ ಎದೆ ಉಬ್ಬಿತು. ಬದಲಿಗೆ ಹಲಗೆಯ ಮೇಲೆ ಒಂದು ಪೊಟ್ಟಣ ಒಣಹಣ್ಣು, ತನ್ನ ಬಳಿಯಿದ್ದ ಹೆಚ್ಚಿನ ಚಾಕು ಇಟ್ಟ. ಕಿತ್ತ ಬಿಲ್ಲೆಗಳನ್ನು ಒಲೆಗೆ ಎಸೆಯಹೋದಾಗ ಮೇಷ್ಟ್ರು ಹಾವು ಕಂಡವರಂತೆ ಎಗರಿದರು.

"ರಬ್ಬರ್ ಸುಡ್ತೀರಾ! ಕೋಣೆ ತುಂಬ ನಾತ! ಚೀಲಕ್ಕೆ ಹಾಕಿ."

"ಬೇರೆಯವನ ಹಿಮ್ಮಡೀನೂ ನಾನೇ ಹೊರಬೇಕಾ?"

"ಕಿತ್ತವರು ನೀವು ತಾನೇ? ನೀವೇ ಹೊರಿ."

ಹಿಮ್ಮಡಿ ಗೊಣಗುತ್ತ ಬಿಲ್ಲೆಗಳನ್ನು ಕಸದ ಚೀಲಕ್ಕೆ ಹಾಕಿಕೊಂಡ.

ಮುಂದಿನ ದಿನಗಳಲ್ಲಿ ಆ ಬೂಟು ಅವನನ್ನು ಹೂವಿನಂತೆ ನಡೆಸಿತು. ಆದರೆ ತಲೆಯ ಹುಳ ಹೋಗಲಿಲ್ಲ. ತನ್ನದೇ ಹಿಮ್ಮಡಿಯ ಬಗ್ಗೆ ಅವನು ಎಂದೂ ಇಷ್ಟು ಯೋಚಿಸಿರಲಿಲ್ಲ. ಅವನದು ಎರಡೂ ಕಡೆ ಸಮವಾಗಿ, ಸ್ಕೇಲು ಹಿಡಿದ ಹಾಗೆ ಸವೆಯುತ್ತಿತ್ತು. ನೆಟ್ಟಗೆ, ಬೇಗ, ಯಾವ ಕಡೆಗೂ ವಾಲದೆ ನಡೆಯುವವನು ತಾನು ಎಂದು ಅವನಿಗೆ ಅದರ ಬಗ್ಗೆ ಸಣ್ಣ ಜಂಬವೂ ಇತ್ತು. ಎದುರು ಸಿಕ್ಕವರ ಕಾಲುಗಳನ್ನೆಲ್ಲ ನೋಡುತ್ತ, ಎಡಕ್ಕೆ ವಾಲುವ ಒಬ್ಬನಾದರೂ ಸಿಗುತ್ತಾನೇನೋ ಎಂದು ಹುಡುಕಿದ. ಸಿಗಲಿಲ್ಲ.

ಕೊನೆಗೆ ಹಾದಿ ಒಂದು ಪೇಟೆಗೆ ಇಳಿಯಿತು. ಇಳಿದಕೂಡಲೇ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ, ಅದರ ಎದುರಿನ ಬೆಂಚಿನ ಮೇಲೆ ಮಳೆಕೋಟು ಮಾತ್ರ ತೊಟ್ಟು ಕೂತ ಹಾದಿಯ ಜನ, ಪಕ್ಕದಲ್ಲಿ ಬ್ರೆಡ್ಡಿನ ಅಂಗಡಿ, ಅಲ್ಲಿಂದ ನಾಲ್ಕು ಹೆಜ್ಜೆಗೆ ಹಸಿರು ಬಾಗಿಲಿನ ಒಂದು ವಸತಿಗೃಹ. ಕೋಣೆಯಲ್ಲಿ ಎರಡು ಮಂಚ, ಒಂದು ಕಿಟಕಿ, ಸೋರುವ ನಲ್ಲಿ. ಹಿಮ್ಮಡಿಗೆ ಅರಮನೆ ಸಿಕ್ಕಂತಾಯಿತು. ಸ್ನಾನಕ್ಕೆ ಹೋಗುವ ಮುನ್ನ ಮೇಷ್ಟ್ರು ಕೈ ಚಾಚಿದರು.

"ನಿಮ್ಮ ಕಸದ ಚೀಲಾನೂ ಕೊಡಿ. ನನ್ನದರ ಜೊತೆ ಹಾಕಿಬಿಡ್ತೀನಿ."

ಪೀಡೆ ತೊಲಗಿತು ಎಂದು ಹಿಮ್ಮಡಿ ಚೀಲ ಕೊಟ್ಟುಬಿಟ್ಟ.

ಸ್ನಾನ ಮುಗಿಸಿ, ಯಾವ ಊರಿಗೆ ಹೋದರೂ ಅವನ ಕಾಲು ಎತ್ತ ಎಳೆಯುವುದೋ ಅತ್ತ ಹೊರಟ. ಬೂಟು ರಿಪೇರಿಯ ಅಂಗಡಿ ಹುಡುಕಲು ಅವನಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಅಂಟಿನ ವಾಸನೆಯೇ ಕರೆದುಕೊಂಡು ಹೋಯಿತು. ಕಿಟಕಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಗೋಡೆಗೆ ಸಾಲಾಗಿ ತೂಗುಹಾಕಿದ ಮರದ ಪಾದಗಳು, ಬಾಯಲ್ಲಿ ಮೊಳೆ ಕಚ್ಚಿ ಕೂತ ಅಂಗಡಿಯಾಕೆ. ಇನ್ನೊಂದು ಮೂಲೆಯಲ್ಲಿ, ಗಿರಾಕಿಗಳ ಸ್ಟೂಲಿನ ಮೇಲೆ, ಪಾದದ ಗಂಟಿಗೆ ಪಟ್ಟಿ ಕಟ್ಟಿಕೊಂಡ, ಗಿಡ್ಡಗೆ, ಸಣ್ಣಗಿದ್ದ ಒಬ್ಬ ಹೆಂಗಸು.

ಅಂಗಡಿಯಾಕೆಯ ಕಣ್ಣು, ಕಸುಬಿನವರ ಕಣ್ಣಲ್ಲವೆ, ನೇರ ಅವನ ಕಾಲಿಗೆ ಹೋಯಿತು. ಬಾಯಿಂದ ಮೊಳೆ ತೆಗೆದು ಆಕೆ ಮೂಲೆಯ ಕಡೆ ತಿರುಗಿದಳು. "ಅಮ್ಮಾ, ನೋಡಿ. ನಾನು ಹೇಳಿರ್ಲಿಲ್ವಾ, ತಗೊಂಡೋರು ಒಂದಲ್ಲ ಒಂದಿನ ಇಲ್ಲಿಗೇ ಬರ್ತಾರೆ ಅಂತ."

ಸ್ಟೂಲಿನ ಹೆಂಗಸು ಎದ್ದು ನಿಂತರು. ಏನೋ ಹೇಳಿದರು. ಹಿಮ್ಮಡಿಗೆ ಕೇಳಲಿಲ್ಲ.

"ಅದು ಅವರ ಮನೆಯವರ ಬೂಟು," ಎಂದಳು ಅಂಗಡಿಯಾಕೆ. "ದಿನಾ ಬಂದು ಕೂರ್ತಾರೆ, ಇದಕ್ಕೋಸ್ಕರ."

ಹಿಮ್ಮಡಿ ಕಕ್ಕಾಬಿಕ್ಕಿಯಾದ. "ಹಲಗೆ ಮೇಲಿತ್ತು... ಎಲ್ಲರ ಹಲಗೆ..." ಎಂದು ತೊದಲಿದ.

ಆ ತಾಯಿ ತಲೆಯಾಡಿಸಿ, ಹತ್ತಿರ ಬಂದು, ಸಣ್ಣ ದನಿಯಲ್ಲಿ ವಿಷಯ ಹೇಳಿದರು. ತಂಗುಮನೆಯ ಹತ್ತಿರ ಅವರ ಕಾಲು ಉಳುಕಿತ್ತು. ಇಬ್ಬರು ಹಾದಿಯವರು ಕೈ ಹಿಡಿದು ಕೆಳಗಿಳಿಸಲು, ಚೀಲ ಹೊರಲು ಮುಂದಾದರು. ತನ್ನ ಭಾರವನ್ನು ಇನ್ನೊಬ್ಬರ ಮೇಲೆ ಹಾಕಬಾರದು ಎಂಬ ನಿಯಮ ಈ ತಾಯಿಗೆ ಗೊತ್ತಿತ್ತು. ಹಾದಿಯಲ್ಲಿ ಯಾರೂ ಇನ್ನೊಬ್ಬರ ವಸ್ತು ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಅದಕ್ಕೇ ತಮ್ಮ ಚೀಲದಲ್ಲಿ ಹೊತ್ತು ತಂದಿದ್ದ, ಎಲ್ಲಕ್ಕಿಂತ ಭಾರವಾದ ಈ ಬೂಟುಗಳನ್ನು, ಕಾಲು ವಾಸಿಯಾದ ಮೇಲೆ ಬಂದು ಒಯ್ಯೋಣವೆಂದು, ನೆಲ ಒದ್ದೆಯಿದ್ದುದರಿಂದ ಹಲಗೆಯ ಮೇಲಿಟ್ಟರು. ಹಲಗೆಯ ನಿಯಮ ಒಂದು ಗೊತ್ತಿರಲಿಲ್ಲ, ಆಮೇಲೆ ಇಳಿದು ಬಂದವರು ಹಲಗೆಯ ಮೇಲೆ ಬೂಟಿಲ್ಲ ಎಂದಾಗಲೇ ತಿಳಿದದ್ದು. ಎರಡು ನಿಯಮ ಪಾಲಿಸಿ ಮೂರನೆಯದಕ್ಕೆ ಸಿಕ್ಕಿಬಿದ್ದಿದ್ದರು.

"ತಪ್ಪು ನನ್ನದೇ," ಎಂದರು.

ಹಿಮ್ಮಡಿಗೆ ಹೋದ ಜೀವ ಬಂದಂತಾಯಿತು. ಕೂತು, ಬೂಟು ಬಿಚ್ಚಿ, ಎರಡೂ ಕೈಯಲ್ಲಿ ಅವರಿಗೆ ಒಪ್ಪಿಸಿದ. ಒಪ್ಪಿಸಿ ಸುಮ್ಮನಿರಬೇಕೋ ಬೇಡವೋ! "ನಿಮ್ಮ ವಸ್ತು ಹಾಳು ಮಾಡಿಲ್ಲ ತಾಯಿ. ಹಿಮ್ಮಡಿ ಎರಡೂ ಎಡಕ್ಕೆ ಸವೆದುಹೋಗಿತ್ತು. ನಾನೂ ಇದೇ ಕಸುಬಿನವನು. ಕಿತ್ತು, ಹೊಸದು ಹಾಕಿ, ಸಮ ಮಾಡಿದೀನಿ. ನೋಡಿ ಬೇಕಾದ್ರೆ."

ಅವರು ಬೂಟು ಮಗುಚಿದರು. ಹೆಬ್ಬೆರಳಿನಿಂದ ಹಿಮ್ಮಡಿಯ ಎಡ ಅಂಚನ್ನು ಸವರಿದರು. ಮತ್ತೆ ಸವರಿದರು. ಕತ್ತಲಲ್ಲಿ ಮೆಟ್ಟಿಲು ಇದೆಯೆಂದು ಕಾಲಿಟ್ಟು, ಮೆಟ್ಟಿಲು ಸಿಗದವರ ಹಾಗೆ ಅವರ ಮುಖ ಆಯಿತು.

ಅವರು ಏನೋ ಹೇಳಿದರು. ಈ ಸಲ ಅಂಗಡಿಯಾಕೆಗೂ ಕೇಳಲಿಲ್ಲ. ಹಿಮ್ಮಡಿ ಬಾಗಿ ಕಿವಿಗೊಟ್ಟ.

"ಅದಕ್ಕೇ ಇಟ್ಟುಕೊಂಡಿದ್ದೆ," ಎಂದರು ಅವರು. "ತೊಗಲು ಅಂಗಡೀಲಿ ಸಿಗುತ್ತೆ. ಆ ಸವೆತ ಅವರದಾಗಿತ್ತು. ಅವರು ಹೋಗಿ ವರ್ಷ ಆಯ್ತು. ಬಟ್ಟೆಯಲ್ಲಿದ್ದ ವಾಸನೆ ಹೋಯ್ತು. ಅವರು ನಡೀತಿದ್ದ ರೀತಿ ಅದೊಂದರಲ್ಲೇ ಉಳಿದಿತ್ತು."

ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ನಮ್ಮ ಹಿಮ್ಮಡಿ. ಜೀವಮಾನದಲ್ಲಿ ಎಷ್ಟು ಸಾವಿರ ಹಿಮ್ಮಡಿ ಕಿತ್ತಿದ್ದನೋ, ಒಂದನ್ನೂ ಯಾರೂ ವಾಪಸ್ಸು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಅದನ್ನೇ ಕುಶಲ ಕೆಲಸವೆಂದು ಜಂಬ ಕೊಚ್ಚಿದ್ದು ನೆನೆದು ಕಿವಿ ಬಿಸಿಯಾಯಿತು.

"ಕಿತ್ತ ಬಿಲ್ಲೆಗಳು ಎಲ್ಲಿ?" ಅಂಗಡಿಯಾಕೆ ತಟ್ಟನೆ ಕೇಳಿದಳು.

"ಕಸದ ಚೀಲದಲ್ಲಿ."

"ಚೀಲ ಎಲ್ಲಿ?"

ಹಿಮ್ಮಡಿ ಎದ್ದು ನಿಂತ. ಮೇಷ್ಟ್ರು ಚೀಲ ತೆಗೆದುಕೊಂಡು ಆಗಲೇ ಎಷ್ಟು ಹೊತ್ತಾಯಿತು! ಕಸದ ಗಾಡಿ ಬಂದು ಹೋಗಿದ್ದರೆ? ಬರಿಗಾಲಲ್ಲೇ ಹೊರಟವನನ್ನು ಆ ತಾಯಿಯೇ ತಡೆದು ಬೂಟು ಮುಂದೆ ಹಿಡಿದರು. "ಬೀದಿ ತುಂಬ ಜಲ್ಲಿ. ಹಾಕ್ಕೊಳ್ಳಿ. ನಾನೂ ಬರ್ತೀನಿ."

ಅವನಿಗೆ ಓಡಬೇಕೆನಿಸುತ್ತಿತ್ತು. ಆದರೆ ಉಳುಕು ಇನ್ನೂ ಪೂರ್ತಿ ಬಿಡದ ಅವರನ್ನು ನಡುಬೀದಿಯಲ್ಲಿ ಬಿಟ್ಟು ಓಡುವುದು ಹೇಗೆ? ಅಭ್ಯಾಸಬಲದಿಂದ ನಾಲ್ಕು ಹೆಜ್ಜೆ ಮುಂದೆ ಹೋದವನು ನಿಂತ. ಮೇಷ್ಟ್ರ ನಿಯಮ ನೆನಪಾಗಿ, ಅವರು ಬಂದ ಮೇಲೆ ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿದ. ಅವರು ಅವನ ಎಡಕ್ಕೆ ಬಂದರು.

ನಡೆಯುತ್ತ ಅವರು ಮಾತಾಡಿದರು. ಗಾಡಿಗಳ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಜೀವನವೆಲ್ಲ ಗ್ರಂಥಾಲಯದಲ್ಲಿ ಕೆಲಸ ಮಾಡಿದವರಂತೆ, ದನಿ ಅಲ್ಲೇ ತಗ್ಗಿದ್ದು ಮತ್ತೆ ಏರಲಿಲ್ಲವಂತೆ. ಮನೆಯವರು ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದರು, ಆ ಸದ್ದಿಗೆ ಅವರ ಕಿವಿ ಮಂದವಾಗಿತ್ತು. ಮಂದಗಿವಿಗೂ ತಗ್ಗುದನಿಗೂ ಗಂಟು ಹಾಕಿದ ಪುಣ್ಯಾತ್ಮರು ಯಾರೋ! ಹಿಮ್ಮಡಿ ಒಂದು ಮಾತೂ ತಪ್ಪಿಹೋಗಬಾರದೆಂದು ಅವರ ಕಡೆ ತಲೆ ವಾಲಿಸಿ, ಹೆಗಲು ಇಳಿಸಿ ನಡೆಯುತ್ತಿದ್ದ. ಬ್ರೆಡ್ಡಿನ ಅಂಗಡಿಯ ಮುಂದೆ ಬಂದಾಗ ಅವನಿಗೆ ಎಡಗಾಲ ಹಿಮ್ಮಡಿಯ ಹೊರ ಅಂಚು ನೆಲಕ್ಕೆ ಒತ್ತುವುದು ಗೊತ್ತಾಯಿತು. ಬಲಗಾಲಿನದು ಒಳ ಅಂಚು.

ಅವನು ಅಲ್ಲೇ ನಿಂತುಬಿಟ್ಟ. ಅಷ್ಟು ದಿನ ತಲೆ ತಿಂದ ಹುಳ ಅಲ್ಲಿ ಹೊರಬಿತ್ತು.

ಯಾಕೆ ನಡೆಯುತ್ತಿದ್ದೀರಿ ಎಂದು ಕೇಳಬಾರದು, ಅದು ನಿಯಮ. ಬೂಟು ಯಾಕೆ ಹೊತ್ತಿರಿ ಎಂದೂ ಅವನು ಕೇಳಲಿಲ್ಲ. ಕೇಳಿದ್ದು ಇಷ್ಟೇ: "ತಾಯಿ, ನೀವು ಯಾವಾಗ್ಲೂ ಅವರ ಎಡಗಡೆ ನಡೀತಿದ್ರಾ?"

ಅವರು ಅವನ ಮುಖವನ್ನು, ಆಮೇಲೆ ಅವನು ನಿಂತ ಭಂಗಿಯನ್ನು ನೋಡಿದರು. ಕಣ್ಣು ತುಂಬಿ ಬಂತು.

"ಯಾವಾಗ್ಲೂ," ಎಂದರು. "ಸ್ವಲ್ಪ ಜೋರಾಗಿ ಮಾತಾಡು ಅಂತ ಒಂದು ದಿನವೂ ಹೇಳಲಿಲ್ಲ. ಬಾಗ್ತಿದ್ರು, ಅಷ್ಟೆ."

ವಸತಿಗೃಹದ ಜಗಲಿಯಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಮೇಷ್ಟ್ರು ಎರಡೂ ಚೀಲ ಸುರಿದು, ನೆಲದ ಮೇಲೆ ಕೂತು, ಕಾಗದ ಒಂದು ಗುಪ್ಪೆ, ಪ್ಲಾಸ್ಟಿಕ್ ಒಂದು ಗುಪ್ಪೆ, ರಬ್ಬರ್ ಒಂದು ಗುಪ್ಪೆ ಎಂದು ವಿಂಗಡಿಸುತ್ತಿದ್ದರು. ಮಾಲೀಕ ತಲೆಯ ಮೇಲೆ ನಿಂತು ಕೂಗಾಡುತ್ತಿದ್ದ. "ಎಲ್ಲಾ ಒಟ್ಟಿಗೆ ತೊಟ್ಟಿಗೆ ಹಾಕಿ ಅಂದ್ರೆ ಇಲ್ಲಿ ಅಂಗಡಿ ಇಟ್ಟಿದೀರಲ್ರೀ!" ಮೇಷ್ಟ್ರ ಈ ಗೀಳನ್ನು ಹಿಮ್ಮಡಿ ಹಾದಿಯುದ್ದಕ್ಕೂ ಶಪಿಸಿದ್ದ. ಈಗ ಅವರ ಕಾಲಿಗೆ ಬೀಳುವುದೊಂದು ಬಾಕಿ.

ರಬ್ಬರ್ ಗುಪ್ಪೆಯಲ್ಲಿ ಒಂದು ಬಿಲ್ಲೆ ಸಿಕ್ಕಿತು. ಇನ್ನೊಂದು ಇಲ್ಲ. ಕಾಗದ ಕೆದಕಿದರು, ಪ್ಲಾಸ್ಟಿಕ್ ಕೆದಕಿದರು. ಆ ತಾಯಿ ಸಿಕ್ಕ ಒಂದನ್ನು ಮುಷ್ಟಿಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಎಡಗಾಲಿನದು ಸಿಕ್ಕಿರಲಿಲ್ಲ, ಹೆಚ್ಚು ಸವೆದದ್ದು.

"ಒಂದು ಬೆಣೆ ತರದ್ದಾ?" ಎಂದ ಮಾಲೀಕ, ದನಿ ತಗ್ಗಿಸಿ. "ಒಂದು ಕಡೆ ದಪ್ಪ, ಒಂದು ಕಡೆ ತೆಳು?" ಅವನು ಜಗಲಿಯ ಕೊನೆಗೆ ಹೋಗಿ, ಮೇಜನ್ನು ಎತ್ತಿ, ಗಿಡ್ಡ ಕಾಲಿನಡಿಯಿಂದ ಅದನ್ನು ಎಳೆದು ತಂದ. "ಎಷ್ಟು ದಿನದಿಂದ ಅಲ್ಲಾಡ್ತಿತ್ತು ಈ ಮೇಜು. ಇವರು ಚೀಲ ಸುರಿದಾಗ ಎತ್ಕೊಂಡೆ. ಇದು ಹೇಳಿ ಮಾಡಿಸಿದ ಹಾಗೆ ಕೂತಿತ್ತು ನೋಡಿ." ಅವನ ಮಾತಿನಲ್ಲಿ ನಿಜವಾದ ದುಃಖವಿತ್ತು.

ಹಿಮ್ಮಡಿ ಎರಡೂ ಬಿಲ್ಲೆಗಳನ್ನು ತನ್ನ ಅಂಗಿಯಿಂದ ಒರೆಸಿ ಆ ತಾಯಿಯ ಕೈಗಿಟ್ಟ. "ಈಗಲೇ ಅಂಗಡಿಗೆ ಹೋಗೋಣ. ಹೊಸದು ಕಿತ್ತು ಇದನ್ನೇ ಹೊಡೆದು ಕೊಡ್ತೀನಿ. ಮೊಳೆ ತೂತು ಸಹ ತಪ್ಪಲ್ಲ, ಇದ್ದ ಹಾಗೇ ಆಗುತ್ತೆ."

ಅವರು ಅಂಗೈಯಲ್ಲಿ ಎರಡು ಅರ್ಧಚಂದ್ರಗಳನ್ನು ಅಕ್ಕಪಕ್ಕ ಜೋಡಿಸಿದರು, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಎರಡೂ ಒಂದೇ ಕಡೆಗೆ ವಾಲಿದವು. ಅವರ ಮುಖದಲ್ಲಿ ನಗು ಮೂಡಿತು.

"ಬೇಡ," ಎಂದರು. ಮೇಷ್ಟ್ರು, ಮಾಲೀಕ, ಹಿಮ್ಮಡಿ ಮೂವರೂ ಬಾಗಿದರು. "ಇದು ಸಾಕು. ನನಗೆ ಬೇಕಾಗಿದ್ದು ಇಷ್ಟೇ. ಇಷ್ಟು ದಿನ ಅಷ್ಟು ಭಾರ ಹೊತ್ತೆ. ಬೂಟು ನೀವು ಹಾಕ್ಕೊಳ್ಳಿ. ಹಾದಿಯ ಕೊನೆ ನೋಡ್ಬೇಕು ಅಂತ ಅವರಿಗಿತ್ತು. ಅವರಿಗೆ ಆಗ್ಲಿಲ್ಲ, ಬೂಟಾದ್ರೂ ನೋಡ್ಲಿ."

ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಮೇಷ್ಟ್ರಿಗೆ ಆ ಕ್ಷಣಕ್ಕೆ ಹೇಳಲು ಯಾವ ನಿಯಮವೂ ಇರಲಿಲ್ಲ. ಅವರು ಮೂಗು ಒರೆಸಿಕೊಂಡು ಪ್ಲಾಸ್ಟಿಕ್ ಗುಪ್ಪೆಯ ಕಡೆ ತಿರುಗಿದರು.

ಸಂಜೆ ಹಿಮ್ಮಡಿ ಕೋಣೆಯ ಕಿಟಕಿಯ ಬಳಿ ಕೂತು ಮನೆಗೆ ಫೋನು ಮಾಡಿದ. ಹೆಂಡತಿ ಎತ್ತಿದಳು. ಅವನು ಅಭ್ಯಾಸದಂತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದ.

"ಊಟ ಆಯ್ತಾ! ಕಾಲು ನೆನೆಸ್ಕೊಂಡ್ರಾ!"

"ಅದಿರ್ಲಿ. ಒಂದು ಕೇಳ್ತೀನಿ. ನಾವಿಬ್ರೂ ಪೇಟೆಗೆ ಹೋಗುವಾಗ ನೀನು ನನ್ನ ಯಾವ ಕಡೆ ನಡೀತೀಯ?"

ಆ ಕಡೆ ಮಾತು ನಿಂತಿತು. ಅವನು ಫೋನು ಕಿವಿಗೆ ಒತ್ತಿಕೊಂಡ.

"ಯಾವ ಕಡೆ ಅಂದ್ರೆ?" ಹೆಂಡತಿಯ ದನಿ ಅವನು ಎಂದೂ ಕೇಳಿರದಷ್ಟು ಮೆತ್ತಗಾಗಿತ್ತು. ಅದರಲ್ಲಿ ಕೋಪವಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಹೇಳುವ ಹಾಗಿತ್ತು. "ಹಿಂದೆ. ನೀವು ಯಾವತ್ತು ನಿಂತಿದೀರಿ? ಅದಕ್ಕೇ ಅಲ್ವಾ ನಾನು ಕೂಗಿ ಕೂಗಿ ಮಾತಾಡೋದು."

ಹಿಮ್ಮಡಿ ತನ್ನ ಕಾಲ ಬೂಟಿನ ಕಡೆ ನೋಡಿದ. "ನಿನ್ನ ಚಪ್ಪಲಿ ತಗೊಂಡು ಬಾ. ಮಗುಚಿ ನೋಡು. ಎಲ್ಲಿ ಸವೆದಿದೆ ಹೇಳು," ಎಂದ.

"ತಲೆ ಕೆಟ್ಟಿದೆಯಾ ನಿಮಗೆ?" ಎಂದಳು. ಆದರೂ ಹೋದಳು. ಅವಳು ಹೋಗುವ ಸದ್ದು, ಬಾಗಿಲು ತೆಗೆದ ಸದ್ದು, ಬರುವ ಸದ್ದು ಎಲ್ಲವನ್ನೂ ಅವನು ಕೇಳಿಸಿಕೊಂಡ.

"ಮುಂದುಗಡೆ," ಎಂದಳು. "ಬೆರಳ ಹತ್ರ ತೂತು ಬೀಳೋ ಹಾಗಾಗಿದೆ. ಹಿಮ್ಮಡಿ ಹೊಸದರ ಹಾಗೇ ಇದೆ. ಯಾಕೆ?"

ಊರವರ ಜಾತಕವನ್ನೆಲ್ಲ ಓದಿದವನಿಗೆ ಇದನ್ನು ಓದಲು ಬೆಳಕೂ ಬೇಕಿರಲಿಲ್ಲ. ಮನೆಯ ಬಾಗಿಲಲ್ಲೇ ದಿನಾ ಬಿದ್ದಿರುತ್ತಿದ್ದ ಚಪ್ಪಲಿಯನ್ನು ಅವನು ಒಮ್ಮೆಯೂ ಮಗುಚಿ ನೋಡಿರಲಿಲ್ಲ.

"ಇಲ್ಲಿ ಒಂದು ನಿಯಮ ಇದೆ," ಎಂದ ಕೊನೆಗೆ. "ಒಟ್ಟಿಗೆ ಹೋಗುವಾಗ ನಿಧಾನ ನಡೆಯೋರು ಮುಂದೆ ಇರ್ಬೇಕಂತೆ."

"ಒಳ್ಳೆ ನಿಯಮ," ಎಂದಳು ಹೆಂಡತಿ. "ಅದನ್ನ ಕಲಿಯೋಕೆ ಅಷ್ಟು ದೂರ ನಡೀಬೇಕಾಯ್ತಾ?"